ಬರೆದ ಕಥೆ ಎಲ್ಲಿಗೆ ಕಳಿಸಬೇಕು? ನಮ್ಮ ಕಡೆ ಹೊಸದಾಗಿ ಬರೆಯುವವರಿಗೆ

ಕಥೆ ಬರೆದು ಮುಗಿಸಿದ್ದೀರಿ. ನಾಲ್ಕಾರು ಕವನಗಳೂ ಇವೆ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ "ಸೂಪರ್" ಅಂತ ಬರುತ್ತದೆ, ಅಷ್ಟಕ್ಕೇ ಮುಗಿಯಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹೊಸದಾಗಿ ಬರೆಯುವವರು ಸಿಕ್ಕಾಗೆಲ್ಲ ಕೇಳುವುದು ಒಂದೇ: "ಯಾವ್ದಾದ್ರೂ ಪತ್ರಿಕೆಯ ಇಮೇಲ್ ಇದ್ರೆ ಕೊಡ್ರಿ." ಇಮೇಲ್ ಕೊಡುವುದು ದೊಡ್ಡ ಮಾತಲ್ಲ. ಆದರೆ ಆ ಪತ್ರಿಕೆಯ ಒಂದು ಸಂಚಿಕೆಯನ್ನೂ ಓದದೆ ಕಳಿಸಿದ ಕಥೆ ಅಲ್ಲಿ ನಿಲ್ಲುವುದು ಬಹಳ ಕಷ್ಟ. ವಿಳಾಸಗಳು ಬದಲಾಗುತ್ತವೆ, ಸಂಪಾದಕರು ಬದಲಾಗುತ್ತಾರೆ, ಪುರವಣಿಗಳು ನಿಲ್ಲುತ್ತವೆ. ಅದಕ್ಕೇ ಇಲ್ಲಿ ವಿಳಾಸದ ಪಟ್ಟಿ ಕೊಡುವುದಿಲ್ಲ. ನಿಮ್ಮ ಬರಹಕ್ಕೆ ಹೊಂದುವ ಪುಟವನ್ನು ನೀವೇ ಹುಡುಕಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಒಮ್ಮೆ ರೂಢಿಯಾದರೆ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲು ಗ್ರಂಥಾಲಯದ ಮೇಜು

ಒಂದು ನೋಟ್‌ಬುಕ್ ಹಿಡಿದು ಗ್ರಂಥಾಲಯಕ್ಕೆ ಹೋಗಿ. ಪಟ್ಟಣದಲ್ಲಿದ್ದರೆ ಜಿಲ್ಲಾ ಅಥವಾ ನಗರ ಕೇಂದ್ರ ಗ್ರಂಥಾಲಯ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿ ದಿನಪತ್ರಿಕೆಗಳಂತೂ ಇರುತ್ತವೆ, ಭಾನುವಾರದ ಪುರವಣಿಯೂ ಸಿಗಬಹುದು. ವಾರಪತ್ರಿಕೆ ಮಾಸಪತ್ರಿಕೆಗಳಿಗೆ ಪಟ್ಟಣಕ್ಕೇ ಬರಬೇಕಾದೀತು. ಬಂದ ಮೇಲೆ ಅವಸರ ಮಾಡಬೇಡಿ, ಎರಡು ತಾಸು ಕೂತುಬಿಡಿ.

ನೋಡಬೇಕಾದವು ಯಾವುವು? ವಾರಪತ್ರಿಕೆಗಳಲ್ಲಿ ಸುಧಾ, ತರಂಗ, ಕರ್ಮವೀರ. ಮಾಸಿಕಗಳಲ್ಲಿ ಮಯೂರ, ತುಷಾರ, ಕಸ್ತೂರಿ, ಹೊಸತು. ಪ್ರಜಾವಾಣಿ, ವಿಜಯ ಕರ್ನಾಟಕ, ಉದಯವಾಣಿ, ಸಂಯುಕ್ತ ಕರ್ನಾಟಕ, ಕನ್ನಡಪ್ರಭ, ವಿಜಯವಾಣಿ ಮೊದಲಾದ ದಿನಪತ್ರಿಕೆಗಳ ಭಾನುವಾರದ ಸಂಚಿಕೆಗಳು. ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ಸಿಕ್ಕಷ್ಟು ನೋಡಿ. ಒಂದೇ ಸಂಚಿಕೆ ನೋಡಿ ತೀರ್ಮಾನಕ್ಕೆ ಬರಬೇಡಿ, ಒಂದು ಪತ್ರಿಕೆಯ ಮೂರು-ನಾಲ್ಕು ಹಳೆಯ ಸಂಚಿಕೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಆಗಲೇ ಅದರ ಮನಸ್ಸು ತಿಳಿಯುವುದು.

ಏನನ್ನು ನೋಡಬೇಕು? ಮೊದಲು, ಯಾವ ಪ್ರಕಾರದ ಬರಹ ಹಾಕುತ್ತಾರೆ ಅಂತ. ಕೆಲವು ಕಡೆ ಒಂದು ದೊಡ್ಡ ಕಥೆ ಇರುತ್ತದೆ. ಕೆಲವು ಕಡೆ ಒಂದೇ ಪುಟದ ಮಿನಿ ಕಥೆಗೆ ಜಾಗ. ಹನಿಗವನಕ್ಕೆ ಪುಟದ ಮೂಲೆ ಬಿಡುವವರು ಇದ್ದಾರೆ, ಪದ್ಯವನ್ನು ಇಡೀ ಪುಟದಲ್ಲಿ ಚಿತ್ರದೊಂದಿಗೆ ಹಾಕುವವರೂ ಇದ್ದಾರೆ. ಲಲಿತ ಪ್ರಬಂಧ ಎಲ್ಲಿ ಬರುತ್ತದೆ, ಅನುಭವ ಬರಹ ಎಲ್ಲಿ ಬರುತ್ತದೆ, ಮಕ್ಕಳ ಕಥೆಗೆ ಪುಟ ಇದೆಯಾ, ಗಜಲ್ ಹಾಕುತ್ತಾರಾ, ಬರೆದಿಟ್ಟುಕೊಳ್ಳಿ. ಆಮೇಲೆ ಬರೆದವರ ಹೆಸರು ನೋಡಿ. ನಾಲ್ಕು ಸಂಚಿಕೆಯಲ್ಲೂ ಹೆಸರಾಂತರೇ ಇದ್ದರೆ ಅಲ್ಲಿ ಬಾಗಿಲು ಸ್ವಲ್ಪ ಕಿರಿದು ಅಂತ ತಿಳಿಯಿರಿ. ನೀವು ಕೇಳಿರದ ಹೆಸರುಗಳು, ಸಣ್ಣ ಊರುಗಳು ಕಾಣಿಸಿದರೆ ಹೊಸಬರ ಬರಹವನ್ನು ಅವರು ನಿಜಕ್ಕೂ ಓದುತ್ತಿದ್ದಾರೆ.

ಉದ್ದದ ವಿಷಯ ಬಹಳ ಮುಖ್ಯ. ಎಲ್ಲ ಪತ್ರಿಕೆಗಳೂ ಪದಮಿತಿ ಅಚ್ಚು ಹಾಕುವುದಿಲ್ಲ. ಅದನ್ನು ನೀವೇ ಅಳೆಯಬಹುದು. ಕಥೆಯ ಒಂದು ಕಾಲಮ್ಮಿನಲ್ಲಿ ಐದು ಸಾಲು ಆರಿಸಿ, ಪದ ಎಣಿಸಿ. ಇಪ್ಪತ್ತು ಬಂದರೆ ಸಾಲಿಗೆ ನಾಲ್ಕು ಪದ. ಕಾಲಮ್ಮಿಗೆ 45 ಸಾಲು, ಪುಟಕ್ಕೆ ಮೂರು ಕಾಲಮ್ಮು ಇದ್ದರೆ ಪುಟಕ್ಕೆ 540 ಪದ. ಚಿತ್ರಕ್ಕೆ, ಶೀರ್ಷಿಕೆಗೆ ಹೋದ ಜಾಗ ಕಳೆದರೆ 400 ಅಂತಿಟ್ಟುಕೊಳ್ಳಿ. ಕಥೆ ನಾಲ್ಕು ಪುಟ ಬಂದಿದ್ದರೆ ಅವರಿಗೆ ಬೇಕಾದದ್ದು ಸುಮಾರು 1,600 ಪದಗಳ ಕಥೆ. ನಿಮ್ಮದು 4,000 ಪದ ಇದೆಯಾ? ಎಷ್ಟೇ ಚೆನ್ನಾಗಿದ್ದರೂ ಆ ಪುಟದಲ್ಲಿ ಅದು ಹಿಡಿಸುವುದಿಲ್ಲ. ಸಂಪಾದಕರು ಅರ್ಧ ಕತ್ತರಿಸಿ ಹಾಕಲಿ ಅಂತ ಕಾಯುವುದಕ್ಕಿಂತ ದೊಡ್ಡ ಕಥೆ ಹಾಕುವ ಮಾಸಿಕವನ್ನೋ ವಿಶೇಷಾಂಕವನ್ನೋ ಹುಡುಕುವುದು ಒಳ್ಳೆಯದು.

ಇನ್ನು ವಿಳಾಸ. ಪತ್ರಿಕೆಯ ಮೊದಲ ಒಂದೆರಡು ಪುಟಗಳಲ್ಲಿ ಅಥವಾ ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ಕಚೇರಿ ಇರುವ ಜಾಗ ಎಲ್ಲ ಇರುತ್ತದೆ. ಇದನ್ನು ಅವರು ಹಾಕಲೇಬೇಕು, ಪತ್ರಿಕೆಗಳ ನೋಂದಣಿಗೆ 1867ರ ಕಾಯ್ದೆ ಬಂದಾಗಿನಿಂದ ನಡೆದುಬಂದ ನಿಯಮ. ಇಮೇಲ್ ಅಲ್ಲೇ ಇರುತ್ತದೆ, ಇಲ್ಲವೇ ಓದುಗರ ಪತ್ರಗಳ ಪುಟದಲ್ಲಿ ಇರುತ್ತದೆ. ಭಾನುವಾರದ ಪುರವಣಿಗೆ ಬೇರೆ ಇಮೇಲ್ ಇರುವುದುಂಟು, ಅದನ್ನು ಪುರವಣಿಯಲ್ಲೇ ಹುಡುಕಿ. ಇತ್ತೀಚಿನ ಸಂಚಿಕೆಯಿಂದಲೇ ಬರೆದುಕೊಳ್ಳಿ. ಯಾರೋ ಫಾರ್ವರ್ಡ್ ಮಾಡಿದ "ಎಲ್ಲ ಪತ್ರಿಕೆಗಳ ಇಮೇಲ್ ಪಟ್ಟಿ" ನೆಚ್ಚಬೇಡಿ. ಅದರಲ್ಲಿ ನಿಂತುಹೋದ ಪತ್ರಿಕೆಗಳೂ ಇರುತ್ತವೆ.

ನಮ್ಮ ಸುತ್ತಲೇ ಇರುವವು

ಬೆಂಗಳೂರಿನ ದೊಡ್ಡ ಪತ್ರಿಕೆಗಳಲ್ಲೇ ಬರಬೇಕು ಅಂತ ಹೊಸಬರಿಗೆ ಇರುವ ಹಟ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಡೆಯ ಪತ್ರಿಕೆಗಳ ಇತಿಹಾಸ ನೋಡಿ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಅದರ ವಾಗ್ಭೂಷಣ ಪತ್ರಿಕೆ ಶುರುವಾದದ್ದು 1896ರಲ್ಲಿ. ಕರ್ಮವೀರ 1921ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಕಸ್ತೂರಿ 1956ರಲ್ಲಿ ಹುಬ್ಬಳ್ಳಿಯಲ್ಲಿ. ಸಂಯುಕ್ತ ಕರ್ನಾಟಕ, ಕರ್ಮವೀರ, ಕಸ್ತೂರಿ ಮೂರೂ ಲೋಕಶಿಕ್ಷಣ ಟ್ರಸ್ಟಿನವು. 1964ರಲ್ಲಿ ಧಾರವಾಡದಿಂದ ಹೊರಟ ಸಂಕ್ರಮಣ ಒಂದು ಇಡೀ ತಲೆಮಾರಿನ ಹೊಸ ಬರಹಗಾರರಿಗೆ ಜಾಗ ಕೊಟ್ಟಿತು. ಅದನ್ನು ತಂದ ಮೂವರು, ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ, ಆಗ ಇನ್ನೂ ಹುಡುಗರು. ನಮ್ಮ ನೆಲದ ಮಾತು, ನಮ್ಮ ಕಡೆಯ ಬದುಕು ಇರುವ ಕಥೆಗೆ ಇಲ್ಲಿ ಅಡಿಟಿಪ್ಪಣಿ ಬೇಕಾಗಿಲ್ಲ. ಹುಬ್ಬಳ್ಳಿಯ ಸಂಪಾದಕರಿಗೆ "ಬುತ್ತಿ", "ಕಮತ" ಅಂದರೆ ಏನು ಅಂತ ವಿವರಿಸಬೇಕಾ ಹೇಳಿ?

ಸಣ್ಣ ಸಾಹಿತ್ಯ ಪತ್ರಿಕೆಗಳು ಅಂಗಡಿಗಳಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಚಂದಾದಾರರಿಗೆ ಅಂಚೆಯಲ್ಲಿ ಹೋಗುತ್ತವೆ. ಗದಗ ಜಿಲ್ಲೆಯ ರಾಜೂರಿನ ಸಂಗಾತ ಹಾಗೆ ಬಂದ ಪತ್ರಿಕೆ. ಮಕ್ಕಳಿಗಾಗಿ ಬರೆಯುವವರು ಧಾರವಾಡದ ಗುಬ್ಬಚ್ಚಿ ಗೂಡು ನೋಡಬೇಕು. ಇಂಥವುಗಳನ್ನು ಹುಡುಕುವ ಒಳ್ಳೆಯ ಜಾಗ ಅಂದರೆ ಪುಸ್ತಕ ಬಿಡುಗಡೆ, ಕವಿಗೋಷ್ಠಿ, ಸಮ್ಮೇಳನಗಳ ಮಾರಾಟದ ಮೇಜು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2019ರಲ್ಲಿ ಧಾರವಾಡದಲ್ಲಿ, 2023ರಲ್ಲಿ ಹಾವೇರಿಯಲ್ಲಿ ನಡೆಯಿತು. ಜಿಲ್ಲಾ, ತಾಲೂಕು ಸಮ್ಮೇಳನಗಳೂ ನಡೆಯುತ್ತಿರುತ್ತವೆ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ನಿಧಾನಕ್ಕೆ ಅಡ್ಡಾಡಿ. ಸಣ್ಣ ಪತ್ರಿಕೆ ಕಂಡರೆ ಒಂದು ಪ್ರತಿ ಕೊಂಡುಕೊಳ್ಳಿ. ಮೇಜಿನ ಹಿಂದೆ ಕೂತವರು ಎಷ್ಟೋ ಸಲ ಸಂಪಾದಕರೇ ಆಗಿರುತ್ತಾರೆ. ಏನು ಓದಲು ಇಷ್ಟ, ಯಾವಾಗ ಕಳಿಸಬಹುದು ಅಂತ ಅಲ್ಲೇ ಕೇಳಿ. ಸಾಧ್ಯವಿದ್ದರೆ ಚಂದಾ ಮಾಡಿಸಿ. ಅದರಿಂದ ನಿಮ್ಮ ಕಥೆ ಬೇಗ ಪ್ರಕಟವಾಗುತ್ತದೆ ಅಂತಲ್ಲ, ಇಂಥ ಪತ್ರಿಕೆಗಳು ಉಳಿಯುವುದೇ ಚಂದಾದಿಂದ.

ಇನ್ನೊಂದು ದಾರಿ ಬಹಳ ಜನರ ಲಕ್ಷ್ಯಕ್ಕೇ ಬರುವುದಿಲ್ಲ. ಆಕಾಶವಾಣಿ. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾದದ್ದು. ಕಥೆ, ಕವನ ವಾಚನ ಅಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ರೇಡಿಯೊಗೆ ಬರೆಯುವಾಗ ಪದಕ್ಕಿಂತ ನಿಮಿಷ ಮುಖ್ಯ. ಮೊಬೈಲಿನಲ್ಲಿ ಟೈಮರ್ ಇಟ್ಟು ಗಟ್ಟಿಯಾಗಿ ಓದಿ, ಎಷ್ಟು ನಿಮಿಷ ಬರುತ್ತದೆ ಅಂತ ಪತ್ರದಲ್ಲಿ ತಿಳಿಸಿ. ನಾಲಿಗೆ ತೊಡರುವ ವಾಕ್ಯಗಳು ಆಗಲೇ ಸಿಕ್ಕಿಬೀಳುತ್ತವೆ.

ಹಬ್ಬದ ಲೆಕ್ಕ

ಕನ್ನಡ ಪತ್ರಿಕೆಗಳಲ್ಲಿ ಕಥೆ-ಕವನಕ್ಕೆ ಸುಗ್ಗಿ ಅಂದರೆ ದೀಪಾವಳಿ, ಯುಗಾದಿ ವಿಶೇಷಾಂಕಗಳು. ಪ್ರಜಾವಾಣಿಯ ದೀಪಾವಳಿ ಕಥಾ ಮತ್ತು ಕವನ ಸ್ಪರ್ಧೆಗೆ ದಶಕಗಳ ಹೆಸರಿದೆ. ಬೇರೆ ಪತ್ರಿಕೆಗಳೂ ವಿಶೇಷಾಂಕ ತರುತ್ತವೆ, ಕೆಲವು ಸ್ಪರ್ಧೆಯನ್ನೂ ನಡೆಸುತ್ತವೆ. ಹಬ್ಬದ ಹೊತ್ತಿಗೆ ಕಳಿಸಿದರೆ ಪ್ರಯೋಜನವಿಲ್ಲ. ಪ್ರಕಟಣೆ ತಿಂಗಳುಗಟ್ಟಲೆ ಮೊದಲೇ ಬರುತ್ತದೆ. ದೀಪಾವಳಿಗೆ ಆಷಾಢ-ಶ್ರಾವಣದಿಂದಲೇ, ಯುಗಾದಿಗೆ ಸಂಕ್ರಾಂತಿಗೆ ಮೊದಲೇ ಪತ್ರಿಕೆ ನೋಡುತ್ತಿರಿ. ಕಳೆದ ವರ್ಷದ ಪ್ರಕಟಣೆ ಸಿಕ್ಕರೆ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ನಿಯಮಗಳಿಗೆ ಈ ವರ್ಷದ ಪ್ರಕಟಣೆಯನ್ನೇ ಓದಿ. ಹಸ್ತಪ್ರತಿಯ ಮೇಲೆ ಹೆಸರು ಇರಬಾರದು ಅಂತಿದ್ದರೆ ಇರಬಾರದು. ತೀರ್ಪುಗಾರರಿಗೆ ಬರೆದವರು ಯಾರು ಅಂತ ತಿಳಿಯದಿರಲಿ ಅಂತ ಆ ನಿಯಮ. ಅದು ಹೊಸಬರಿಗೇ ಅನುಕೂಲ, ಅಲ್ವಾ?

ಜಾಲತಾಣಗಳು

ಕೆಂಡಸಂಪಿಗೆ, ಅವಧಿ, ಪಂಜು, ಋತುಮಾನ, ನಸುಕು. ಇವು ಐದನ್ನು ಮೊದಲು ಓದಿ. ಒಂದೊಂದರ ರುಚಿ ಬೇರೆ. ಇಲ್ಲೂ ಅದೇ ಕೆಲಸ: ಇತ್ತೀಚಿನ ಹತ್ತು ಕಥೆ ತೆರೆದು ಓದಿ, ಕೊನೆಯ ಬರಹ ಯಾವ ದಿನಾಂಕದ್ದು ನೋಡಿ. ಆರೇಳು ತಿಂಗಳಿಂದ ಹೊಸದೇನೂ ಇಲ್ಲದಿದ್ದರೆ ಕಳಿಸುವ ಮೊದಲು ಒಂದು ಸಾಲಿನ ಇಮೇಲ್ ಹಾಕಿ ವಿಚಾರಿಸಿ. "ನಮ್ಮ ಬಗ್ಗೆ", "ಸಂಪರ್ಕಿಸಿ" ಪುಟಗಳು ತಾಣದ ತಳದಲ್ಲಿ ಇರುತ್ತವೆ, ಬರಹ ಹೇಗೆ ಕಳಿಸಬೇಕು ಅನ್ನುವುದು ಅಲ್ಲಿ ಇರುತ್ತದೆ. ಬುಕ್ ಬ್ರಹ್ಮ ಜಾಲತಾಣ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾ ಸ್ಪರ್ಧೆ ನಡೆಸುತ್ತದೆ, ಅದರ ಮೇಲೂ ಕಣ್ಣಿಟ್ಟಿರಿ.

ಪ್ರತಿಲಿಪಿಯ ಬಗೆ ಬೇರೆ. ಅಲ್ಲಿ ಖಾತೆ ತೆರೆದು ನೀವೇ ಪ್ರಕಟಿಸಬಹುದು. ಓದುಗರು ಬೇಗ ಸಿಗುತ್ತಾರೆ, ಕಂತುಗಳಲ್ಲಿ ಬರೆಯುವವರಿಗೆ ಅದು ಒಳ್ಳೆಯ ಜಾಗ. ಆದರೆ ಪ್ರಕಟಣೆಗೆ ಮೊದಲು ಸಂಪಾದಕರು ಯಾರೂ ನಿಮ್ಮ ಕಥೆಯನ್ನು ತಿದ್ದಿ ಕೊಡುವುದಿಲ್ಲ. ಇನ್ನೂ ಒಂದು ಮಾತು, ದಯವಿಟ್ಟು ಗಮನಿಸಿ: ಅಲ್ಲಿ ಹಾಕಿದ ಕಥೆ, ಫೇಸ್‌ಬುಕ್ಕಿನಲ್ಲಿ ಹಾಕಿದ ಕವನ, ಬಹಳಷ್ಟು ಪತ್ರಿಕೆ ಮತ್ತು ಸ್ಪರ್ಧೆಗಳ ಲೆಕ್ಕದಲ್ಲಿ ಆಗಲೇ ಪ್ರಕಟವಾದ ಬರಹ. ನಿಮಗೆ ತುಂಬಾ ಇಷ್ಟವಾದ ಕಥೆಯನ್ನು ಲೈಕಿನ ಆಸೆಗೆ ಮೊದಲೇ ಹಾಕಿಬಿಡಬೇಡಿ. ಪತ್ರಿಕೆಯಲ್ಲಿ ಬಂದ ಮೇಲೆ ಹೇಗೂ ಹಾಕಬಹುದು.

ಕಡತ ಮತ್ತು ಪತ್ರ

ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಯಾವ ಮೊಬೈಲು, ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರಗಳಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಅಂಗಡಿಯವರು ಮಾಡಿಕೊಟ್ಟ ಕಡತ ಬೇರೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ದಿನಕ್ಕೆ ಎಷ್ಟೋ ಇಮೇಲ್ ನೋಡುವವರು ಅದನ್ನು ಸರಿಮಾಡಿಕೊಂಡು ಓದುತ್ತಾರೆ ಅಂತ ನಿರೀಕ್ಷಿಸಬೇಡಿ. ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಂದೊಂದು ಸಾಲನ್ನೂ ಓದಿ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿರುತ್ತವೆ. ಕಂಪ್ಯೂಟರ್ ಇಲ್ಲದಿದ್ದರೆ ಮೊಬೈಲ್ ಸಾಕು. ಜಿಬೋರ್ಡ್ ಹಾಕಿಕೊಂಡು ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿ. ಮಾತಾಡಿ ಟೈಪ್ ಮಾಡಿಸಿದರೆ ಪೂರ್ಣವಿರಾಮ, ಉದ್ಧರಣ ಚಿಹ್ನೆ ಎಲ್ಲ ನೀವೇ ಹಾಕಬೇಕಾಗುತ್ತದೆ, ನಮ್ಮ ಕಡೆಯ ಮಾತನ್ನು ಅದು ಬೇರೇನೋ ಮಾಡಿಟ್ಟಿರುತ್ತದೆ.

ವರ್ಡ್ ಕಡತವನ್ನು ಲಗತ್ತಿಸಿ. ಪಿಡಿಎಫ್ ಕೇಳಿದ್ದರೆ ಅದನ್ನೂ ಜೊತೆಗಿಡಿ. ಕೈಬರಹದ ಹಾಳೆಯ ಫೋಟೊ ಕಳಿಸಬೇಡಿ. ಕಡತದ ಹೆಸರು "ಹೊಸದು 2" ಅಂತ ಇರಬಾರದು, ಕಥೆಯ ಹೆಸರು ಮತ್ತು ನಿಮ್ಮ ಹೆಸರು ಇರಲಿ. ಇಮೇಲಿನ ವಿಷಯದ ಸಾಲಿನಲ್ಲಿ "ಕಥೆ: ಮೆಣಸಿನಕಾಯಿ ಸಂತೆ" ಅಂತ ನೇರವಾಗಿ ಬರೆಯಿರಿ. ಪತ್ರವನ್ನು ಖಾಲಿ ಬಿಡಬೇಡಿ, ಹಾಗಂತ ಆತ್ಮಕಥೆಯೂ ಬೇಡ. ಇಷ್ಟು ಸಾಕು:

"ಮಾನ್ಯ ಸಂಪಾದಕರಿಗೆ, ನಮಸ್ಕಾರ. 'ಮೆಣಸಿನಕಾಯಿ ಸಂತೆ' ಎಂಬ ನನ್ನ ಕಥೆಯನ್ನು ಕಳಿಸುತ್ತಿದ್ದೇನೆ. ಸುಮಾರು 1,500 ಪದಗಳಿವೆ. ಇದು ನನ್ನ ಸ್ವಂತ ರಚನೆ, ಅನುವಾದವಲ್ಲ. ಬೇರೆ ಯಾವುದೇ ಪತ್ರಿಕೆಯಲ್ಲಾಗಲಿ ಜಾಲತಾಣದಲ್ಲಾಗಲಿ ಪ್ರಕಟವಾಗಿಲ್ಲ, ಸದ್ಯ ಬೇರೆಲ್ಲೂ ಪರಿಶೀಲನೆಯಲ್ಲಿ ಇಲ್ಲ. ನಾನು ಬ್ಯಾಡಗಿಯವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಿಮ್ಮ ಪುರವಣಿಯ ಕಥೆಗಳನ್ನು ಓದುತ್ತಾ ಬಂದಿದ್ದೇನೆ. ಅಂಚೆ ವಿಳಾಸ, ಫೋನ್ ನಂಬರ್ ಕೆಳಗಿವೆ. ವಂದನೆಗಳೊಂದಿಗೆ."

"ಬೇರೆಲ್ಲೂ ಪ್ರಕಟವಾಗಿಲ್ಲ" ಅನ್ನುವ ಸಾಲು ಬಿಡಲೇಬೇಡಿ. ಅನುವಾದ ಕಳಿಸುವುದಾದರೆ ಮೂಲ ಲೇಖಕರ ಒಪ್ಪಿಗೆ ಇದೆ ಅಂತ ತಿಳಿಸಿ. ಕವನಗಳನ್ನು ಒಂದೇ ಸಲ ಇಪ್ಪತ್ತು ಕಳಿಸಬೇಡಿ, ಆರಿಸಿದ ಎರಡು-ಮೂರು ಸಾಕು. ಫೋಟೊ, ಕಿರುಪರಿಚಯ ಕೇಳಿದರೆ ಆಗ ಕೊಡಿ. ಅಂಚೆಯಲ್ಲಿ ಕಳಿಸುವುದಾದರೆ ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಪ್ರತಿ ಹಾಳೆಗೆ ಪುಟಸಂಖ್ಯೆ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಕಳಿಸಿದ ಮೇಲೆ

ಆ ನೋಟ್‌ಬುಕ್ಕಿನಲ್ಲೇ ಒಂದು ಪುಟ ಬಿಡಿ. ಕಥೆಯ ಹೆಸರು, ಎಲ್ಲಿಗೆ, ಯಾವ ದಿನ, ಏನು ಉತ್ತರ. ಇಷ್ಟೇ ಕಾಲಮ್ಮುಗಳು ಸಾಕು. ಒಂದು ಕಥೆ ಒಂದು ಸಲಕ್ಕೆ ಒಂದೇ ಕಡೆ ಇರಲಿ. ಎರಡು ಕಡೆ ಕಳಿಸಿ, ಒಂದೇ ಭಾನುವಾರ ಎರಡರಲ್ಲೂ ಬಂದುಬಿಟ್ಟರೆ ಎರಡೂ ಕಡೆ ನಂಬಿಕೆ ಹೋಗುತ್ತದೆ. ಸಾಹಿತ್ಯದ ಪುಟ ನೋಡಿಕೊಳ್ಳುವವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಆದರೆ ಬೇರೆ ಬೇರೆ ಕಥೆಗಳನ್ನು ಬೇರೆ ಬೇರೆ ಕಡೆ ಕಳಿಸಲು ಅಡ್ಡಿಯಿಲ್ಲ. ಕಳಿಸಿದ್ದನ್ನೇ ನೆನೆಯುತ್ತಾ ಕೂಡುವ ಬದಲು ಮುಂದಿನದು ಶುರುಮಾಡಿ.

ಉತ್ತರ ಬರದಿರುವುದೇ ಜಾಸ್ತಿ. ಇದನ್ನು ನೇರವಾಗಿ ಹೇಳುವುದು ಒಳ್ಳೆಯದು. ಜನ ಕಡಿಮೆ, ಬರಹ ಹೆಚ್ಚು, "ಬೇಡ" ಅಂತ ಎಲ್ಲರಿಗೂ ಬರೆಯಲು ಅವರಿಗೆ ಆಗುವುದಿಲ್ಲ. ಮೂರು ತಿಂಗಳು ಕಾಯಿರಿ. ಆಮೇಲೆ ಕಳಿಸಿದ ತಾರೀಕು ತಿಳಿಸಿ ಒಂದು ಸಣ್ಣ ಇಮೇಲ್ ಹಾಕಿ. ಹದಿನೈದು ದಿನದಲ್ಲಿ ಏನೂ ಬರದಿದ್ದರೆ "ಈ ಕಥೆಯನ್ನು ವಾಪಸ್ ಪಡೆಯುತ್ತಿದ್ದೇನೆ" ಅಂತ ತಿಳಿಸಿ ಬೇರೆ ಕಡೆ ಕಳಿಸಿ. ಸಂಪಾದಕರ ಮೊಬೈಲಿಗೆ ಮೇಲಿಂದ ಮೇಲೆ ಫೋನ್ ಮಾಡುವುದು, ಪರಿಚಯದವರಿಂದ ಹೇಳಿಸುವುದು ಬೇಡವೇ ಬೇಡ. ಅದರಿಂದ ನಿಮ್ಮ ಕಥೆಗೆ ಕೆಟ್ಟ ಹೆಸರು ಬರುತ್ತದೆ. ಹಾಗೇ ವಾಪಸ್ ಬಂದ ಕಥೆಯನ್ನು ಅದೇ ದಿನ ಮತ್ತೊಂದು ಕಡೆ ತಳ್ಳಬೇಡಿ. ಒಮ್ಮೆ ಗಟ್ಟಿಯಾಗಿ ಓದಿ, ಮೊದಲ ಪ್ಯಾರಾ ಇಲ್ಲದೆಯೂ ಕಥೆ ನಿಲ್ಲುತ್ತದಾ ನೋಡಿ. ಬಹಳ ಸಲ ನಿಲ್ಲುತ್ತದೆ.

ದುಡ್ಡು ಕೇಳುವವರ ಬಗ್ಗೆ

ಇದನ್ನು ಹೇಳದೆ ಇರಲು ಆಗುವುದಿಲ್ಲ, ಏಕೆಂದರೆ ಮೋಸಹೋಗುತ್ತಿರುವವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು ಮತ್ತು ನಿವೃತ್ತರಾದ ಹಿರಿಯರು. "ನಿಮ್ಮ ಕವನ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ, ಐನೂರು ರೂಪಾಯಿ ಕಳಿಸಿ, ಪ್ರಶಸ್ತಿ ಪತ್ರವೂ ಇದೆ" ಅಂತ ಸಂದೇಶ ಬರುತ್ತದೆ. ದುಡ್ಡು ಕೊಟ್ಟ ಎಲ್ಲರ ಕವನವೂ ಆಯ್ಕೆಯಾಗಿರುತ್ತದೆ. ಆ ಪುಸ್ತಕವನ್ನು ಬರೆದವರು ಬಿಟ್ಟು ಯಾರೂ ಓದುವುದಿಲ್ಲ. ಸಣ್ಣ ಪತ್ರಿಕೆ ಚಂದಾ ಕೇಳುವುದು ಬೇರೆ, ಪ್ರಕಟಿಸಲು ದುಡ್ಡು ಕೇಳುವುದು ಬೇರೆ. ಕೆಲವು ಸ್ಪರ್ಧೆಗಳಿಗೆ ಪ್ರವೇಶ ಶುಲ್ಕ ಇರುತ್ತದೆ. ಆಗ ಹಿಂದಿನ ವರ್ಷ ಗೆದ್ದವರು ಯಾರು, ತೀರ್ಪುಗಾರರು ಯಾರು, ಗೆದ್ದ ಕಥೆ ಎಲ್ಲಿ ಅಚ್ಚಾಯಿತು ಅಂತ ನೋಡಿ. ಮೂರಕ್ಕೂ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ದೊಡ್ಡ ಪತ್ರಿಕೆಗಳು ಸಂಭಾವನೆ ಕೊಡುತ್ತವೆ, ಮೊತ್ತ ಸಣ್ಣದಿರಬಹುದು. ಸಣ್ಣ ಪತ್ರಿಕೆ, ಜಾಲತಾಣಗಳು ಕೊಡುವುದು ಅಪರೂಪ. ಗೌರವ ಪ್ರತಿ ಕಳಿಸುತ್ತಾರಾ ಅಂತ ಕೇಳಲು ಸಂಕೋಚ ಬೇಡ. ಹಕ್ಕಿನ ವಿಷಯದಲ್ಲಿ ಹೆದರಿಕೆ ಬೇಡ, ಪ್ರಕಟವಾದ ಮಾತ್ರಕ್ಕೆ ಕಥೆ ಪತ್ರಿಕೆಯದ್ದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ನಿಮ್ಮ ಸಹಿ ಇರುವ ಬರಹ ಬೇಕು. ಸ್ಪರ್ಧೆಯ ನಿಯಮದಲ್ಲಿ "ಹಕ್ಕುಗಳು ಸಂಘಟಕರಿಗೆ ಸೇರಿದ್ದು" ಅಂತ ಇದ್ದರೆ ಮಾತ್ರ ಸಹಿ ಹಾಕುವ ಮೊದಲು ಯೋಚಿಸಿ. ಮುಂದೆ ಸಂಕಲನ ತರುವಾಗ ಆ ಕಥೆ ನಿಮಗೆ ಬೇಕಾಗುತ್ತದೆ.

ಪ್ರಕಟವಾದ ಪುಟವನ್ನು ಪತ್ರಿಕೆಯ ಹೆಸರು, ತಾರೀಕು ಕಾಣುವ ಹಾಗೆ ಕತ್ತರಿಸಿ ಫೈಲಿನಲ್ಲಿ ಹಾಕಿಡಿ, ಮೊಬೈಲಿನಲ್ಲಿ ಒಂದು ಫೋಟೊ ಇರಲಿ. ಜಾಲತಾಣದ್ದಾದರೆ ಪಿಡಿಎಫ್ ಮಾಡಿಟ್ಟುಕೊಳ್ಳಿ, ತಾಣಗಳು ಮುಚ್ಚಿಹೋಗುತ್ತವೆ. ಹತ್ತು-ಹನ್ನೆರಡು ಕಥೆ ಒಟ್ಟಾದಾಗ ಹಸ್ತಪ್ರತಿ ಕೇಳುವ ಜಾಗಗಳಿವೆ. ಮೊದಲ ಕಥಾಸಂಕಲನಕ್ಕೆ ಛಂದ ಪುಸ್ತಕ ಪ್ರಕಾಶನದ ಬಹುಮಾನ, ಕವನಗಳ ಹಸ್ತಪ್ರತಿಗೆ ಗದಗದ ಲಡಾಯಿ ಪ್ರಕಾಶನದ ವಿಭಾ ಸಾಹಿತ್ಯ ಪ್ರಶಸ್ತಿ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ. ಯಾವ ಕಥೆ ಎಲ್ಲಿ, ಯಾವಾಗ ಬಂದಿತ್ತು ಅಂತ ಆಗ ಹೇಳಬೇಕಾಗಿ ಬಂದರೆ ಈ ಫೈಲು ತೆರೆದರಾಯಿತು.